ಕಿವಿಯಿಲ್ಲದ ಪೆಟ್ಟಿಗೆ

ಕರೆದರೆ ಓ ಎನ್ನುವುದು ನನಗಿರುವ ಒಂದು ರೋಗ. ಕರೆದವರು ಯಾರು, ಕರೆದದ್ದು ಯಾರನ್ನು ಎಂದು ತಿರುಗಿ ನೋಡುವ ಮೊದಲೇ ಬಾಯಿ ಓ ಎಂದಾಗಿರುತ್ತದೆ. ಮೊನ್ನೆ ಕಡಬದ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಯಕ್ಷಗಾನದ ಪ್ರಚಾರದ ಜೀಪು ಬಂತು, ತಲೆಯ ಮೇಲೆ ಎರಡು ಮೈಕಿನ ಕಹಳೆ ಕಟ್ಟಿಕೊಂಡು. "ಮಹನೀಯರೇ, ಮಹಿಳೆಯರೇ" ಎಂದಿತು. ನಾನು "ಓ" ಎಂದೆ. ಸಣ್ಣಕ್ಕೆ ಅಲ್ಲ, ಗುಡ್ಡದಿಂದ ಗುಡ್ಡಕ್ಕೆ ಹೇಳುವ ಹಾಗೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ನಿಂತವನು ತಿರುಗಿ ನೋಡಿದ. ಕೂಡಲೇ ಕೆಮ್ಮಿದೆ. ಓ ಎಂದದ್ದನ್ನು ಕೆಮ್ಮು ಮಾಡಿ ತೋರಿಸುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ, ಅದಕ್ಕೆ ಬಹಳ ವರ್ಷಗಳ ಅಭ್ಯಾಸ ಉಂಟು. ಆದರೆ ಕಿವಿ ಬಿಸಿಯಾದದ್ದನ್ನು ಏನು ಮಾಡುವುದು? ಬಸ್ಸು ಆಲಂಕಾರು ದಾಟುವವರೆಗೂ ಅದು ಆರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಅಕ್ಷರಗಳು ನನ್ನ ಕೈಯಲ್ಲಿ ಕುಂಟುತ್ತವೆ. ನಾಚಿಕೆಯ ವಿಷಯ ಬರೆಯಲು ಕುಂಟುವ ಅಕ್ಷರವೇ ಸರಿ ಎಂದು ಬರೆಯುತ್ತಿದ್ದೇನೆ. ಚಂದದ ಅಕ್ಷರ ಇದ್ದವರು ನಾಚಿಕೆಯನ್ನು ಬರೆಯುವುದಿಲ್ಲ, ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಾರೆ.

ಈ ರೋಗ ನನಗೆ ಹುಟ್ಟಿದ ಊರಿನಿಂದಲೇ ಬಂದದ್ದು. ಗುತ್ತಿಗಾರಿನಿಂದ ಆಚೆ, ಕಾಡಿನ ಅಂಚಿನಲ್ಲಿ ನಮ್ಮ ಮನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ನೀರು ಹರಿಯುವ ತೋಡು. ಉಪ್ಪು ಮುಗಿದರೂ ಆಯಿತು, ಹೆರಿಗೆ ನೋವು ಬಂದರೂ ಆಯಿತು, ಅಂಗಳದ ಕೊನೆಯಲ್ಲಿ ನಿಂತು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಕುಳು ಹಾಕುವುದು. ಕೂ ಎಂದು ಎಳೆದು ಕೂಗಿದರೆ ಆಚೆಯ ಗುಡ್ಡದವರು ಕೂ ಎಂದು ತಿರುಗಿ ಕೂಗಬೇಕು. ಆನೆ ಬಂದರೆ ಒಂದು ತರಹ, ಸಾವಾದರೆ ಒಂದು ತರಹ, ಸುಮ್ಮನೆ ಬೇಸರವಾದರೆ ಇನ್ನೊಂದು ತರಹ. ಒಬ್ಬೊಬ್ಬರ ಕೂಕುಳು ಒಂದೊಂದು ತರಹ. ಹೆಸರು ಹೇಳಲಿಕ್ಕೇ ಇಲ್ಲ. ನನ್ನ ಅಮ್ಮನ ಕೂಕುಳು ಕೊನೆಗೆ ಸ್ವಲ್ಪ ಮುರಿಯುತ್ತಿತ್ತು, ಹಳೆಯ ಕೊಡಪಾನಕ್ಕೆ ನೀರು ತುಂಬಿದ ಹಾಗೆ. ಆ ಸ್ವರ ಎಲ್ಲಿ ಕೇಳಿದರೂ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು.

ಮುಖ್ಯವಾದದ್ದು ಕೂಗುವುದಲ್ಲ, ಕೂಗಿದ ಮೇಲೆ ಕಾಯುವುದು. ಉತ್ತರ ಬಾರದಿದ್ದರೆ ಮತ್ತೆ ಕೂಗಬೇಕು. ಮತ್ತೂ ಬಾರದಿದ್ದರೆ ಆಳು ಕಳುಹಿಸಿ ನೋಡಬೇಕು, ಬದುಕಿದ್ದಾರಾ ಎಂದು. ನನ್ನ ಅಜ್ಜಿ ಹೇಳುತ್ತಿದ್ದಳು, ದೀಪ ಹಚ್ಚಿದ ಮೇಲೆ ಯಾರಾದರೂ ಒಂದೇ ಸಲ ಕರೆದರೆ ಓ ಎನ್ನಬಾರದು, ಅದು ಪ್ರೇತ. ಮನುಷ್ಯನಾದವನು ಕರೆದು ಕಾದು ಮತ್ತೆ ಕರೆಯುತ್ತಾನೆ, ಪ್ರೇತಕ್ಕೆ ಕಾಯಲು ಗೊತ್ತಿಲ್ಲ. ಆಗ ಹೆದರಿಕೆಗೆ ಹೇಳಿದ್ದೆಂದು ತಿಳಿದಿದ್ದೆ. ನಮ್ಮ ಊರು ಪೂಜಿಸುವ ಭೂತಗಳನ್ನೇ ನೋಡಿ. ನೇಮದ ದಿನ ಬಣ್ಣ ಹಚ್ಚಿ ಕಾಲಿಗೆ ಗಗ್ಗರ ಕಟ್ಟಿ ಅಷ್ಟು ಆರ್ಭಟ ಮಾಡುವ ಭೂತವೂ ಒಬ್ಬೊಬ್ಬರನ್ನು ಮನೆತನ ಹಿಡಿದು ಕರೆದು, ಅವರು ಕೈಮುಗಿದು ಏನಾದರೂ ಹೇಳುವವರೆಗೆ ನಿಲ್ಲುತ್ತದೆ. ಭೂತಕ್ಕೇ ಉತ್ತರ ಬೇಕಾದರೆ ಮನುಷ್ಯರಿಗೆ ಬೇಡವಾ?

ಅಂಥ ಊರಿನಿಂದ ಬಂದವಳು ಪುತ್ತೂರಿಗೆ ಮದುವೆಯಾಗಿ, ಪೇಟೆಯ ಹೊರಗಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಪೂರ್ತಿ ಎಪ್ಪತ್ತರ ದಶಕ ಅಲ್ಲೇ ಹೋಯಿತು. ನನ್ನ ಕೆಲಸ ಬೀಜ ಒಡೆಯುವುದು. ಉದ್ದದ ಹಾಲು, ಅಂದರೆ ಒಂದೇ ದೊಡ್ಡ ಕೋಣೆ, ಹೆಂಚಿನ ಮಾಡು, ನೆಲದಲ್ಲಿ ಸಾಲುಸಾಲಾಗಿ ಹೆಂಗಸರು. ಹುರಿದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಕಲ್ಲಿನ ಮೇಲೆ ನಿಲ್ಲಿಸಿ, ಮರದ ಕೊಡತಿಯಿಂದ ಒಂದು ಪೆಟ್ಟು. ತಿರುಳು ಇಡಿಯಾಗಿ ಹೊರಗೆ ಬರಬೇಕು, ತುಂಡಾದರೆ ಕೂಲಿಯೂ ತುಂಡು. ಅಷ್ಟು ಜನರ ಕೊಡತಿ ಒಟ್ಟಿಗೆ ಬಡಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಬಾಯಿಯ ಮಾತು ಪಕ್ಕದವಳಿಗೂ ಕೇಳದು. ನಾವು ಕಣ್ಣಲ್ಲಿ, ಮೊಣಕೈಯಲ್ಲಿ, ತುಟಿಯಲ್ಲಿ ಮಾತಾಡುತ್ತಿದ್ದೆವು. ಒಬ್ಬಳ ಅತ್ತೆಯನ್ನು ಬೈಯಲು ಒಂದು ಹುಬ್ಬು ಸಾಕಿತ್ತು.

ಆ ಬೀಜದ ಎಣ್ಣೆ ಕೈ ಸುಡುತ್ತದೆ, ಕಪ್ಪು ಮಾಡುತ್ತದೆ. ಮದುವೆ ಊಟಕ್ಕೆ ಹೋದರೆ ನಮ್ಮನ್ನು ಕೈ ನೋಡಿಯೇ ಗುರುತಿಸುತ್ತಿದ್ದರು. ಬಡಿಸುವವರು ಬರುವವರೆಗೆ ನಾವು ಕೈಯನ್ನು ಸೆರಗಿನ ಒಳಗೆ ಇಟ್ಟುಕೊಳ್ಳುತ್ತಿದ್ದೆವು. ಕಳ್ಳತನ ಮಾಡಿದ ಕೈಯಲ್ಲ, ದುಡಿದ ಕೈ. ಆದರೂ ಅಡಗಿಸಿದೆವು. ನಾಚಿಕೆಗೆ ನ್ಯಾಯ ಗೊತ್ತಿಲ್ಲ. ಅದು ಯಾರ ಮನೆಗೆ ಹೋಗಬೇಕೋ ಅವರ ಮನೆಗೆ ಹೋಗುವುದಿಲ್ಲ, ಬಾಗಿಲು ತೆರೆದಿದ್ದ ಮನೆಗೆ ನುಗ್ಗುತ್ತದೆ.

ಮೊದಲು ಆ ಹಾಲಿನ ಒಂದು ಬದಿ ಬಯಲು. ಅಂಗಳದಲ್ಲಿ ಹಲಸಿನ ಮರ. ಎದೆಹಾಲು ಕುಡಿಯುವ ಮಕ್ಕಳಿದ್ದವರ ಅತ್ತೆಯೋ ಅಮ್ಮನೋ ಮಧ್ಯಾಹ್ನ ಮಗುವನ್ನು ತಂದು ಆ ಮರದ ಬುಡದಲ್ಲಿ ಕೂತು ಒಂದು ಕೂಕುಳು ಹಾಕುತ್ತಿದ್ದರು. ಬದಿಯ ಸಾಲಿನವಳಿಗೆ ಕೇಳುತ್ತಿತ್ತು. ಅವಳು ಮೊಣಕೈಯಿಂದ ಪಕ್ಕದವಳಿಗೆ, ಅವಳು ಆಚೆಯವಳಿಗೆ. ತಾಯಿ ಎದ್ದು ಹೋಗಿ, ಮಗುವಿಗೆ ಕುಡಿಸಿ, ಬಾಯಿ ಒರೆಸಿ ಬರುತ್ತಿದ್ದಳು. ಯಾರು ಹೋದದ್ದು, ಯಾಕೆ ಹೋದದ್ದು, ಯಾರೂ ಕೇಳಿದ್ದಿಲ್ಲ.

ಆಮೇಲೆ ಕಾರ್ಖಾನೆಯ ಧಣಿಗಳ ತಂಗಿಯ ಮಗ ಮೇನೇಜರಾಗಿ ಬಂದರು. ಎಳೆಯ ಪ್ರಾಯ, ಮದುವೆ ಆಗಿಲ್ಲ, ಇಸ್ತ್ರಿ ಹಾಕಿದ ಅಂಗಿ. ಒಳ್ಳೆಯ ಜನ, ಅದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಮೊದಲ ದಿನ ಹಾಲಿಗೆ ಬಂದಾಗ ಸೀರೆ ಮಂಡಿಗೆ ಎತ್ತಿ ಕೂತ ಹೆಂಗಸರ ಆ ಸಾಲು ನೋಡಿ ಬಾಗಿಲಲ್ಲೇ ನಿಂತರು. ಹಿಂದಿನಿಂದ ಯಾವಳೋ, "ಮದುಮಗ ಬಂದ, ಆರತಿ ತನ್ನಿ" ಎಂದಳು. ಅವರ ಕಿವಿ ಕೆಂಪಾಯಿತು. ಆಮೇಲೆ ಅವರು ಒಳಗೆ ಬಂದದ್ದು ಕಡಿಮೆ. ಮಾತಾಡುವಾಗಲೂ ನಮ್ಮ ಮುಖ ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅವರು ಕಾಂಪೌಂಡು ಕಟ್ಟಿಸಿದರು, ಹಾಲಿನ ಬಯಲು ಬದಿಗೆ ಗೋಡೆ ಬಂತು, ಹಲಸಿನ ಮರ ಹೊರಗೆ ಉಳಿಯಿತು. ಗೇಟಿಗೆ ಮೋನು ಎಂಬ ಕಾವಲುಗಾರ ಬಂದ. ಮತ್ತೆ ಹಾಲಿನ ಗೋಡೆಯ ಮೇಲೆ ಒಂದು ಮರದ ಪೆಟ್ಟಿಗೆ, ಮುಖಕ್ಕೆ ಬಟ್ಟೆ ಕಟ್ಟಿದ್ದು. ಆಫೀಸಿನಲ್ಲಿ ಮೈಕು. ಇನ್ನು ಯಾರನ್ನಾದರೂ ಕರೆಯಬೇಕಾದರೆ ಅದರಲ್ಲಿ ಕರೆಯುವುದೆಂದು ಹೇಳಿದರು. ಗೇಟಿನಲ್ಲಿ ಕೂಕುಳು ಬೇಡ, ಹೊರಗಿನ ವ್ಯಾಪಾರಿಗಳು ಬರುತ್ತಾರೆ. ಅಜ್ಜಿಯಂದಿರು ಮೋನುವಿಗೆ ಹೇಳಿದರೆ ಸಾಕು, ಮೋನು ಆಫೀಸಿಗೆ ಹೇಳುತ್ತಾನೆ, ಆಫೀಸು ಪೆಟ್ಟಿಗೆಯಲ್ಲಿ ಹೇಳುತ್ತದೆ. "ನಿಮಗೇ ಅನುಕೂಲ ಅಕ್ಕ, ಪ್ರಾಯ ಆದವರು ಗಂಟಲು ಹರ್ಕೊಳ್ಳುದು ಬೇಡ" ಎಂದರು. ಕೇಳುವಾಗ ನಮಗೂ ಸರಿಯೆಂದೇ ಕಂಡಿತು.

ಪೆಟ್ಟಿಗೆ ಮೊದಲು ಕರೆದದ್ದು ನನ್ನನ್ನೇ. "ದೇವಕಿ, ಆಫೀಸಿಗೆ ಬರಬೇಕು." ಅಷ್ಟು ಜನರ ಎದುರು ನನ್ನ ಹೆಸರು! ನನ್ನ ಗಂಡ ಸಾಯುವವರೆಗೆ ನನ್ನ ಹೆಸರು ಹೇಳಿದವರಲ್ಲ. "ಇದಾ" ಎಂದು ಕರೆಯುತ್ತಿದ್ದರು, ನಾನು "ಕೇಳಿತಾ" ಎಂದು ಕರೆಯುತ್ತಿದ್ದೆ, ಸಂಸಾರ ನಡೆಯಿತು. ಕಾರ್ಖಾನೆಯಲ್ಲಿ ನಾನು ಬರೇ ಅಕ್ಕ. ನನ್ನ ಹೆಸರು ಹೇಗೆ ಕೇಳುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಅದನ್ನು ಒಂದು ಪೆಟ್ಟಿಗೆ ಬಾಯಿ ತುಂಬ ಹೇಳಿದಾಗ ನನ್ನ ಸೀರೆ ಜಾರಿದ ಹಾಗಾಯಿತು.

ಆದರೂ ಬಾಯಿ ಸುಮ್ಮನಿರಲಿಲ್ಲ. "ಓ" ಎಂದೆ. ಪೆಟ್ಟಿಗೆ ಮತ್ತೆ ಕರೆಯಿತು. ಇನ್ನೂ ಜೋರಾಗಿ ಓ ಎಂದೆ. "ದೇವಕಿ, ಎಲ್ಲಿದ್ದೀರಿ?" ಎಂದಿತು. ನನಗೆ ಸಿಟ್ಟು ಬಂತು. ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯ ಬಟ್ಟೆಯ ಮುಖಕ್ಕೆ ಸರಿಯಾಗಿ, "ಇಲ್ಲೇ ಉಂಟಲ್ಲ ಧಣಿ! ಕಣ್ಣು ಕಾಣುದಿಲ್ವಾ?" ಎಂದೆ.

ಹಾಲು ಇಡೀ ನಕ್ಕಿತು. ಆಫೀಸಿಗೆ ಹೋದರೆ ಮೇನೇಜರು ಕ್ಯಾಲೆಂಡರಿಗೆ ಕೇಳಿದರು, "ಅಷ್ಟು ಕರೆದ್ರೂ ಕೇಳ್ಲಿಲ್ವಾ ಅಕ್ಕ?"

"ನನಗೆ ಕೇಳಿತು. ನಿಮಗೆ ಕೇಳ್ಲಿಲ್ವಾ?" ಎಂದೆ.

ಅವರಿಗೆ ಕೇಳುವುದಿಲ್ಲ ಎಂದು ಆಗ ಗೊತ್ತಾಯಿತು. ಪೆಟ್ಟಿಗೆಗೆ ಬಾಯಿ ಮಾತ್ರ. ಕರೆದದ್ದು ಯಾಕೆಂದರೆ ಬೂದಿ ಹಾರುತ್ತದೆ, ಸ್ವಲ್ಪ ಕಡಿಮೆ ಹಾಕಿ ಎಂದು ಹೇಳಲು. ಅಂದಿನಿಂದ ಅವರು ಯಾರನ್ನು ಕರೆದರೂ ಒಂದೇ ಸಲ ಕರೆದು ಮೈಕು ಆರಿಸುತ್ತಿದ್ದರು. ಅಲ್ಲಿಗೆ ನನ್ನ ಅಜ್ಜಿಯ ಲೆಕ್ಕದಲ್ಲಿ ಅದು ಪೂರ್ತಿ ಪ್ರೇತವಾಯಿತು.

ನನಗೊಂದು ಯೋಚನೆ ಬರುತ್ತಿತ್ತು. ತೆಂಗಿನಕಾಯಿ ತುರಿಯುವ ಮಣೆ ಮಾಡುವ ಆಚಾರಿ ಕೂರುವವಳ ಅಂಡು ನೋಡಿ ಮಣೆ ಮಾಡುತ್ತಾನೆ. ನೋಡಿದ್ದನ್ನು ಹೇಳುವುದಿಲ್ಲ, ಅವನಿಗೂ ಮರ್ಯಾದೆ ಉಂಟು. ಆದರೆ ಅಳತೆ ತಪ್ಪುವುದಿಲ್ಲ. ಮಾತಿಗೆಂದು ಒಂದು ಸಾಮಾನು ಮಾಡುವವನು ಯಾರ ಬಾಯಿಯ ಅಳತೆ ತೆಗೆಯುತ್ತಾನೆ, ಯಾರ ಕಿವಿಯದ್ದು? ಆ ಪೆಟ್ಟಿಗೆ ಮೇನೇಜರ ಬಾಯಿಗೆ ಸರಿಯಾಗಿ ಕೂತಿತ್ತು. ಅದರ ಎದುರು ಕೂತು ಬೀಜ ಒಡೆಯುವವರ ಅಳತೆ ತೆಗೆಯಲು ಯಾರೂ ಬಂದದ್ದಿಲ್ಲ. ಹಾಗೆ ಬಂದಿದ್ದರೆ ಒಂದು ವಿಷಯ ಗೊತ್ತಾಗುತ್ತಿತ್ತು. ಕೆಲಸದ ಜಾಗದಲ್ಲಿ ಹೇಳಲೇಬೇಕಾದ ಮಾತುಗಳಲ್ಲಿ ಅರ್ಧದಷ್ಟು ಹೇಳಲು ನಾಚಿಕೆಯಾಗುವಂಥವು.

ನನ್ನ ಪಕ್ಕದ ಕಲ್ಲು ಸುಂದರಿಯದ್ದು. ಎಳೆಯ ಹೆಣ್ಣು, ಚೊಚ್ಚಲ ಮಗು. ಗಂಡನಿಗೆ ಕಾಲು ಮುರಿದು ಅವನು ಮನೆಯಲ್ಲಿ, ಇವಳ ಕೂಲಿಯಲ್ಲೇ ಒಲೆ ಉರಿಯಬೇಕು. ಅವಳ ಅತ್ತೆ ಅಕ್ಕು ರೈಲು ಹಳಿಯ ಆಚೆಯಿಂದ ಮಧ್ಯಾಹ್ನ ಮಗುವನ್ನು ಹೊತ್ತು ತರುತ್ತಿದ್ದಳು. ಪೆಟ್ಟಿಗೆ ಬಂದ ಮೇಲೆ ಅಕ್ಕು ಮೋನುವಿಗೆ ಹೇಳಿದಳು, ಮೋನು ಆಫೀಸಿಗೆ ಹೇಳಿದ. ಪೆಟ್ಟಿಗೆ ಸ್ಪಷ್ಟವಾಗಿ, ಒಳ್ಳೆಯ ಪುಸ್ತಕದ ಕನ್ನಡದಲ್ಲಿ ಹೇಳಿತು: "ಸುಂದರಿ, ನಿಮ್ಮ ಮಗು ಹಾಲು ಕುಡಿಯಲು ಬಂದಿದೆ."

ನಮ್ಮ ಕೆಲಸದ ಹಾಲಿನಾಚೆ ಬೀಜ ಹುರಿಯುವ ಡ್ರಮ್ಮಿನ ಶೆಡ್ಡು. ಅಲ್ಲಿ ಗಂಡಸರು. ಅವರಿಗೂ ಪೆಟ್ಟಿಗೆ ಕೇಳುತ್ತದೆ. ಗೇಟಿಗೆ ಹೋಗುವ ದಾರಿ ಅವರ ಎದುರಿನಿಂದಲೇ. ಸುಂದರಿ ಹೋಗುವಾಗ ಒಬ್ಬ, "ಸುಂದರಿಯಕ್ಕಾ, ನಮಗೂ ಒಂದು ಚಾ ಆಗ್ತಿತ್ತು, ಹಾಲು ಉಂಟಲ್ಲ?" ಎಂದ. ಉಳಿದವರು ನಕ್ಕರು. ಅವಳು ಹೋದಳು, ಕುಡಿಸಿ ಬಂದಳು. ಕುತ್ತಿಗೆ ಮಾತ್ರ ಬಗ್ಗಿದ್ದು ಮತ್ತೆ ಎದ್ದಿಲ್ಲ. ಮರುದಿನವೂ ಅದೇ ಕರೆ, ಅದೇ ಚಾ. ಅದರ ಮರುದಿನ ಅವಳು ಅತ್ತೆಗೆ ಹೇಳಿದಳು, ಮಗುವನ್ನು ತರಬೇಡಿ ಎಂದು.

ಪಕ್ಕದಲ್ಲಿ ಕೂತವಳಿಗೆ ಎಲ್ಲ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳ ರವಿಕೆ ಒದ್ದೆಯಾಗುತ್ತಿತ್ತು. ಗೋಣಿಯ ತುಂಡು ಅಡ್ಡ ಕಟ್ಟಿಕೊಂಡು ಕೊಡತಿ ಬಡಿಯುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಅವಳ ಬೀಜ ಎಲ್ಲ ತುಂಡು. ಅಲ್ಲಿ ಮನೆಯಲ್ಲಿ ಮಗುವಿಗೆ ಗಂಜಿ ತಿಳಿ ಕೊಡುತ್ತಿದ್ದರು. ಅದು ಹೊಟ್ಟೆಗೆ ಹಿಡಿಯಲಿಲ್ಲ, ಭೇದಿ ಹತ್ತಿತು. ಕೈಕಾಲು ಹುರುಳಿಕೋಡಿನ ಹಾಗಾದವು.

ಒಂದು ಆದಿತ್ಯವಾರ ಅತ್ತೆ ಸೊಸೆ ಇಬ್ಬರೂ ನನ್ನ ಮನೆಗೆ ಬಂದರು. "ಕೆಲಸ ಬಿಡ್ತೇನೆ ಅಕ್ಕ" ಎಂದಳು ಸುಂದರಿ.

"ಬಿಟ್ಟು ಎಂತ ತಿನ್ನುದು?"

"ಮಗುವಿಗಾದ್ರೂ ಹಾಲು ಸಿಗ್ತದಲ್ಲ."

"ನೀನು ತಿನ್ನದೆ ಹಾಲು ಎಲ್ಲಿಂದ ಬರ್ತದೆ ಮಾರಾಯ್ತಿ? ಆ ಪೆಟ್ಟಿಗೆಯಿಂದಲಾ?"

ಅಕ್ಕು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಭಾರವೇ ಇಲ್ಲ. "ನನ್ನ ಪುಳ್ಳಿ, ಮಗನ ಕೂಸು, ಒಣಗ್ತಾ ಉಂಟು ದೇವಕಿ. ನಿನಗೆ ಬಾಯಿ ಉಂಟಲ್ಲ, ಆ ಹುಡುಗನಿಗೆ ಹೇಳು. ಹೆಸರು ಕೂಗುದು ಬೇಡ ಅಂತ ಹೇಳು."

"ನಾಳೆಯೇ ಹೇಳ್ತೇನೆ" ಎಂದೆ. ದೊಡ್ಡದಾಗಿ ಎದೆ ತಟ್ಟಿಕೊಂಡು ಹೇಳಿದೆ.

ನನಗೆ ಬಾಯಿ ಉಂಟು ಎಂಬುದು ಊರಿಗೇ ಗೊತ್ತು. ತೂಕ ಬರೆಯುವ ರೈಟರನನ್ನು ಬೈದದ್ದುಂಟು, ಬಸ್ಸಿನ ಕಂಡಕ್ಟರನನ್ನು ಇಳಿಸಿದ್ದುಂಟು. ಆದರೆ ಆ ಸೋಮವಾರ ಮೇನೇಜರ ಎದುರು ನಿಂತಾಗ ನನಗೆ ಗೊತ್ತಾಯಿತು, ನನ್ನ ಬಾಯಿ ಬೈಯಲಿಕ್ಕೆ ಮಾತ್ರ ಇದ್ದದ್ದು. ಎದುರಿಗೆ ಇಸ್ತ್ರಿ ಅಂಗಿಯ ಹುಡುಗ. ನಾನು ಹೇಳಬೇಕಾದದ್ದು ಎದೆ ಹಾಲಿನ ವಿಷಯ. ಕಪ್ಪು ಕೈಗಳನ್ನು ಹಿಂದೆ ಕಟ್ಟಿಕೊಂಡೆ.

"ಎಂತ ಅಕ್ಕ?" ಎಂದರು ಅವರು ಕ್ಯಾಲೆಂಡರಿಗೆ.

"ಎಂತ ಇಲ್ಲ" ಎಂದೆ. ಮಡಿಲಲ್ಲಿ ಮಲಗಿದ್ದ ಆ ಭಾರವಿಲ್ಲದ್ದು ನೆನಪಾಯಿತು. "ಒಂದು ದನದ ವಿಷಯ" ಎಂದೆ.

"ದನವಾ?"

"ಹೌದು. ಹೊಸತಾಗಿ ಕರು ಹಾಕಿದ ದನ. ಕರುವನ್ನು ಗೇಟಿನ ಹತ್ರ ತರ್ತಾರೆ. ದನ ಒಳಗೆ ಉಂಟು. ದನವನ್ನು ಹೆಸರು ಹಿಡಿದು ಕರೆದ್ರೆ ದನಕ್ಕೆ ನಾಚಿಕೆ ಆಗ್ತದೆ."

ಅವರು ಪಾಪ, ಯೋಚನೆ ಮಾಡಿದರು. "ನಮ್ಮ ಕಾಂಪೌಂಡಿನ ಒಳಗೆ ದನ ಹೇಗೆ ಬಂತು? ಮೋನು ಬಿಟ್ಟದ್ದಾ?"

"ಮೋನು ದಿನಾ ಬಿಡ್ತಾನೆ. ಅದಲ್ಲ ಧಣಿ. ಕರು ಈಗ ಬರುದಿಲ್ಲ. ದನಕ್ಕೆ ಕೆಚ್ಚಲು ಕಟ್ಟಿ ಜ್ವರ ಬರ್ತಾ ಉಂಟು."

"ಹಾಗಾದ್ರೆ ದನದ ಆಸ್ಪತ್ರೆಗೆ ಹೇಳುವನಾ? ಪೇಟೆಯಲ್ಲೇ ಉಂಟಲ್ಲ, ಡಾಕ್ಟ್ರು ನನಗೆ ಪರಿಚಯ."

ನನಗೆ ನೆಲ ಬಿರಿಯಬಾರದೇ ಎನಿಸಿತು. ಕಣ್ಣು ಮುಚ್ಚಿ ಹೇಳಿದೆ, "ಎರಡು ಕಾಲಿನ ದನ ಧಣಿ."

ಅವರ ಕಿವಿ ಕೆಂಪಾಯಿತು. ನೋಡನೋಡುತ್ತಾ ಕುತ್ತಿಗೆಯೂ ಕೆಂಪಾಯಿತು. ಕ್ಯಾಲೆಂಡರಿನಲ್ಲಿ ಅವರಿಗೆ ಅಂದು ಏನು ಕಂಡಿತೋ ಗೊತ್ತಿಲ್ಲ, ಬಹಳ ಹೊತ್ತು ನೋಡಿದರು. ಕೊನೆಗೆ ಮೆಲ್ಲಗೆ, "ದನದ... ಹೆಸರು ಎಂತ?" ಎಂದರು.

"ಹೆಸರು ಹೇಳುದು ಬೇಡ ಅಂತ ಹೇಳ್ಲಿಕ್ಕೇ ನಾನು ಬಂದದ್ದು!"

ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ. ಹೇಳಿದ ಮಾತು ಗೋಡೆಯಾಚೆಯಿಂದ ನನಗೇ ತಿರುಗಿ ಕೇಳಿತು. ಅದಕ್ಕೆ ಮೊದಲು ಅವರು ಯಾರನ್ನೋ ಕರೆದು ಮೈಕು ಆರಿಸಲು ಮರೆತಿದ್ದರು. ಅದು ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಕೂತು, ದನ, ಕರು, ಕೆಚ್ಚಲು ಎಲ್ಲವನ್ನೂ ಹಾಲಿಗೆ ಒಪ್ಪಿಸಿತ್ತು.

ಆಗ ಗಮನಿಸಿದೆ, ಕೊಡತಿಯ ಸದ್ದೇ ಇಲ್ಲ. ಕೇಳುವುದಕ್ಕೆಂದು ಎಲ್ಲರೂ ನಿಲ್ಲಿಸಿದ್ದರು. ಡ್ರಮ್ಮಿನವರೂ ತಿರುಗಿಸುವುದನ್ನು ಬಿಟ್ಟು ಕಿವಿ ಕೊಟ್ಟಿದ್ದರು. ಹಾಲಿನಿಂದ ಒಬ್ಬಳು ಕೂಗಿದಳು, "ಅಕ್ಕಾ, ದನ ಎಷ್ಟು ಸೇರು ಕೊಡ್ತದೆ?" ಎಲ್ಲರೂ ಗೊಳ್ಳೆಂದರು. ನಾನು ಆಫೀಸಿನ ಗೋಡೆ ಹಿಡಿದು ನಿಂತೆ. ಅಷ್ಟು ನಾಚಿಕೆ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಸುಂದರಿಯ ಮಾನ ಉಳಿಸಲು ಬಂದವಳು ಅವಳನ್ನು ದನ ಮಾಡಿ, ಇಡೀ ಕಾರ್ಖಾನೆಗೆ ಹೇಳಿದೆನಲ್ಲ.

ನಗು ನಿಂತಿತು. ಇನ್ನೇನು ಹೇಳುತ್ತಾಳೋ ಎಂದು ಮತ್ತೆ ಎಲ್ಲರೂ ಸುಮ್ಮನಾದರು. ಆ ಸುಮ್ಮನೆಯೊಳಗೆ ಒಂದು ಅಳು ಬಂತು. ಹೊರಗಿನಿಂದ, ಹಲಸಿನ ಮರದ ಬುಡದಿಂದ. ಸಣ್ಣ ಅಳು, ಬೆಕ್ಕಿನ ಮರಿಯ ಹಾಗೆ. ನಾಳೆಯೇ ಹೇಳುತ್ತೇನೆ ಎಂದ ನನ್ನ ಮಾತು ನಂಬಿ ಅಕ್ಕು ಅಂದು ಮಗುವನ್ನು ಹೊತ್ತು ತಂದಿದ್ದಳು. ಮೋನುವಿಗೆ ಹೇಳಿದರೆ ಪೆಟ್ಟಿಗೆ ಕೂಗುತ್ತದೆಂದು ಹೆದರಿ, ಯಾರಿಗೂ ಹೇಳದೆ ಗೋಡೆಯಾಚೆ ಸುಮ್ಮನೆ ಕೂತಿದ್ದಳು. ಅದಕ್ಕೆ ಮೊದಲು ಎಷ್ಟು ಹೊತ್ತಿನಿಂದ ಮಗು ಅಳುತ್ತಿತ್ತೋ, ಕೊಡತಿಗಳ ಕೆಳಗೆ ಯಾರಿಗೂ ಕೇಳಿರಲಿಲ್ಲ. ಅಳುವಿನ ಹಿಂದಿನಿಂದ ಅಕ್ಕುವಿನ ಕೂಕುಳೂ ಬಂತು, ಅರ್ಧ ನುಂಗಿದ್ದು.

ಸುಂದರಿ ಎದ್ದದ್ದನ್ನು ಆಫೀಸಿನ ಕಿಟಕಿಯಿಂದ ಕಂಡೆ. ಕೈಯಲ್ಲಿ ಕೊಡತಿ ಹಾಗೇ ಇತ್ತು. ಡ್ರಮ್ಮಿನವರ ಎದುರಿನಿಂದಲೇ ಓಡಿದಳು, ಅವರು ಇದ್ದಾರೆಂದೇ ನೋಡಲಿಲ್ಲ. ಒಬ್ಬ ಏನೋ ಹೇಳಲು ಬಾಯಿ ತೆರೆದದ್ದಕ್ಕೆ ಇನ್ನೊಬ್ಬ ಅವನ ಬೆನ್ನಿಗೆ ಒಂದು ಹಾಕಿದ ಎಂದು ಮೋನು ಆಮೇಲೆ ಹೇಳಿದ. ಗೇಟು ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಆ ನಿಂತದ್ದೇ ಉತ್ತರ.

ಮೇನೇಜರು ಮೈಕು ಆರಿಸಿದರು. ಕೂತರು. ಮೊದಲನೆಯ ಸಲ ನನ್ನ ಮುಖ ನೋಡಿ ಹೇಳಿದರು, "ನನಗೆ ಹಾಲಿಗೆ ಬರ್ಲಿಕ್ಕೆ ನಾಚಿಕೆ ಅಕ್ಕ. ಅದಕ್ಕೇ ಇದನ್ನು ಹಾಕಿಸಿದ್ದು." ಹೇಳಿ ಮತ್ತೆ ಕ್ಯಾಲೆಂಡರಿಗೆ ಹೋದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ದಿನ ನಾನು ಅವರನ್ನು ಪ್ರೇತ ಎಂದುಕೊಂಡಿದ್ದೆ. ಅವರ ನಾಚಿಕೆಗೆ ಒಂದು ಪೆಟ್ಟಿಗೆ ಇತ್ತು, ನಮ್ಮ ನಾಚಿಕೆಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಯಾರೂ ಹುಕುಂ ಮಾಡಲಿಲ್ಲ, ಯಾರೂ ಬೋರ್ಡು ಹಾಕಲಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಇತ್ತು. ಅದರ ಬಿಸಿಲು ಮಧ್ಯಾಹ್ನದ ಹೊತ್ತಿಗೆ ನಮ್ಮ ಸಾಲಿನ ಕಲ್ಲಿಗೆ ಬರುತ್ತಿತ್ತು. ಅದು ಬಂದಾಗ ಯಾವಳಾದರೂ ಒಬ್ಬಳು ಕೊಡತಿ ಕೆಳಗಿಡುತ್ತಿದ್ದಳು, ಅವಳನ್ನು ನೋಡಿ ಪಕ್ಕದವಳು, ಹಾಗೆ ಇಡೀ ಹಾಲು. ಒಂದು ವೀಳ್ಯದೆಲೆ ಬಾಯಿಗೆ ಹಾಕಿ ಜಗಿಯುವಷ್ಟು ಹೊತ್ತು ಎಲ್ಲ ಸುಮ್ಮನೆ. ಹೊರಗಿನಿಂದ ಅಳು ಬರುತ್ತಿತ್ತು, ಕೂಕುಳು ಬರುತ್ತಿತ್ತು. ಯಾರ ಮಗು ಎಂದು ಹೇಳಬೇಕಾದ್ದಿಲ್ಲ, ತಾಯಿಗೆ ಗೊತ್ತಾಗುತ್ತದೆ. ಅವಳು ಎದ್ದು ಹೋಗುವಾಗಲೇ ಕೊಡತಿಗಳು ಶುರುವಾಗುತ್ತಿದ್ದವು, ಅವಳು ಹೋದದ್ದು ಯಾರ ಕಿವಿಗೂ ಬೀಳದ ಹಾಗೆ. ಮಳೆಗಾಲದಲ್ಲಿ ಬಿಸಿಲಿಲ್ಲ. ಆಗ ಹಾಲೂಡಿಸುವವಳ ರವಿಕೆಯೇ ಗಡಿಯಾರ, ಅದು ಗಾಜಿನ ಹೆಂಚಿಗಿಂತ ಸರಿ. ನಾವು ತೂಕದ ಕೂಲಿಯವರು, ಕೈ ನಿಂತರೆ ನಷ್ಟ ನಮಗೇ. ಮಕ್ಕಳಿಲ್ಲದ ಒಬ್ಬಿಬ್ಬರು ಗೊಣಗಿದರು. ಗೊಣಗುತ್ತಲೇ ನಿಲ್ಲಿಸಿದರು.

ಮೇನೇಜರು ಆ ಹೊತ್ತಿಗೆ ಆಫೀಸಿನ ಕಿಟಕಿ ಹಾಕಿಕೊಳ್ಳುತ್ತಿದ್ದರು. ಕೂಕುಳು ಬೇಡ ಎಂದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಮತ್ತೆ ಹೇಳಲೂ ಇಲ್ಲ. ಪೆಟ್ಟಿಗೆ ಇತ್ತು. ಬಸ್ಸು ತಡವಾದರೆ ಹೇಳುತ್ತಿತ್ತು, ರಜೆ ಇದ್ದರೆ ಹೇಳುತ್ತಿತ್ತು. ಅಂಥದ್ದಕ್ಕೆ ಅದು ಒಳ್ಳೆಯದೇ, ಉಪಕಾರ ಮರೆಯಬಾರದು. ಹೊಸ ಪೆಟ್ಟಿಗೆ, ಹೊಸ ತಂತಿ, ಹೊಸ ಕಹಳೆ ಮಾಡುವವರು ಇನ್ನೂ ಮಾಡುತ್ತಾರೆ, ಮಾಡಲಿ. ಗಟ್ಟಿಯಾಗಿ ಹೇಳುವ ಯಂತ್ರ ಮಾಡಲು ಜನ ಉಂಟು. ಹೇಳಲಾಗದೆ ಕೂತವಳು ಎಲ್ಲಿ ಕೂತಿದ್ದಾಳೆ ಎಂದು ಮೊದಲು ಒಮ್ಮೆ ಬಂದು ನೋಡಿ ಮಾಡಿದರೆ ಆಯಿತು.

ಸುಂದರಿ ಕೆಲಸ ಬಿಡಲಿಲ್ಲ. ಮಗುವಿಗೆ ಭಾರ ಬಂತು, ಒಂದು ದಿನ ನನ್ನ ಸೀರೆಯ ಮೇಲೆ ಚೆನ್ನಾಗಿ ಭಾರ ಇಳಿಸಿತು ಕೂಡ. ನನಗೆ ಮಾತ್ರ ಕೆಲಸ ಬಿಡುವವರೆಗೂ ದನದಕ್ಕ ಎಂದೇ ಹೆಸರು. ಕಾಂಪೌಂಡಿನ ಹೊರಗೂ ಅದು ಬಂತು. ತರಕಾರಿಯವನೂ ಕರೆದ. ಕರೆದಾಗ ಓ ಎಂದೆ, ಇನ್ನೇನು ಮಾಡುವುದು?

ಕಡಬದ ವಿಷಯದಲ್ಲಿ ಒಂದನ್ನು ಮೊದಲಿಗೆ ಹೇಳದೆ ಬಿಟ್ಟೆ, ನಾಚಿಕೆಯಿಂದ. ಜೀಪು "ಮಹಿಳೆಯರೇ" ಎಂದು, ನಾನು ಓ ಎಂದು ಕೆಮ್ಮಿದಾಗ, ಬಸ್ ಸ್ಟ್ಯಾಂಡಿನ ಆಚೆಯ ಕಂಬದ ಹತ್ತಿರ ಇನ್ನೊಬ್ಬಳು ಕೆಮ್ಮಿದಳು. ನನ್ನ ಪ್ರಾಯದವಳೇ, ಪರಿಚಯ ಇಲ್ಲ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ನೋಡಿದೆ. ಅವಳೂ ನೋಡಿದಳು, ಕೂಡಲೇ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು. ಅಷ್ಟರಲ್ಲೇ ಕಂಡಿತು, ಉಗುರಿನ ಸುತ್ತ ಕಪ್ಪು ಕೂತಿತ್ತು. ಯಾವ ಕಾರ್ಖಾನೆಯೋ, ಯಾವ ಪೆಟ್ಟಿಗೆಯೋ. ನಾನು ನನ್ನ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಮಂಡಿಯ ಮೇಲೆ ಇಟ್ಟೆ.

ಬಸ್ಸು ಬಂದಾಗ ಅವಳು ಮೊದಲು ಹತ್ತಿದಳು. ಸೀಟಿನಲ್ಲಿ ಒಳಗೆ ಸರಿದು, ಪಕ್ಕದಲ್ಲಿ ಎರಡು ಸಲ ತಟ್ಟಿ, ಕಾದಳು.